ಎಮ್ಯುಲೇಟರ್‌ನಲ್ಲಿ ನೀಲಿ ಪರದೆ ಬಂತು, ಪ್ರೋಗ್ರಾಂ ಓಡಿಸೋದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿಸಿಎ ಓದುತ್ತಿದ್ದೇನೆ. ಹಳೆಯ ಕಂಪ್ಯೂಟರ್‌ಗಳ ವಿಡಿಯೊ ನೋಡಿ ಕಮೊಡೋರ್ 64ರ ಹುಚ್ಚು ಹಿಡಿದಿದೆ. ವೈಸ್ ಎನ್ನುವ ಎಮ್ಯುಲೇಟರ್ ಹಾಕಿಕೊಂಡೆ. ನೀಲಿ ಪರದೆಯಲ್ಲಿ ‘ರೆಡಿ’ ಅಂತ ಬಂತು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಎನ್ನುವ ಕಂಪೈಲರ್ (ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಬಳಸಿ ಒಂದು ಚಿಕ್ಕ ಸಿ ಪ್ರೋಗ್ರಾಂ ಮಾಡಿದೆ. ಬಂದ ಇಎಕ್ಸ್‌ಇ ಫೈಲನ್ನು ಎಮ್ಯುಲೇಟರ್ ಮೇಲೆ ಎಳೆದು ಬಿಟ್ಟರೆ ಏನೂ ಆಗಲಿಲ್ಲ. ಎಮ್ಯುಲೇಟರ್ ಒಳಗೇ ಕಂಪೈಲರ್ ಹಾಕಬೇಕು ಅಂತ ಗೆಳತಿ ಹೇಳುತ್ತಾಳೆ. ಅಸೆಂಬ್ಲಿ (ಪ್ರೊಸೆಸರಿನ ಆಜ್ಞೆಗಳನ್ನು ಒಂದೊಂದಾಗಿ ಬರೆಯುವ ಭಾಷೆ) ಕಲಿಯದೆ ಆಗೋದೇ ಇಲ್ಲ ಅಂತ ಸೀನಿಯರ್ ಒಬ್ಬರು ಹೇಳಿದರು. ಇನ್ನೊಬ್ಬರು ಸಿಸಿ65 ಎನ್ನುವ ಕಂಪೈಲರ್ ಕೊಟ್ಟರು. ಅದರಲ್ಲಿ ಮಾಡಿದ್ದು ಓಡಿತು, ಆದರೆ 40000ದವರೆಗೆ ಎಣಿಸುವ ಲೂಪ್ ನಿಲ್ಲುವುದೇ ಇಲ್ಲ! ತಪ್ಪು ಪೋಕ್ (ಮೆಮೊರಿಯ ಒಂದು ವಿಳಾಸಕ್ಕೆ ನೇರವಾಗಿ ಸಂಖ್ಯೆ ಹಾಕುವ ಆಜ್ಞೆ) ಕೊಟ್ಟರೆ ಲ್ಯಾಪ್‌ಟಾಪ್ ಹಾಳಾಗುತ್ತೆ, ರೋಮ್ ಫೈಲ್ (ಹಳೇ ಯಂತ್ರದ ಚಿಪ್ಪಿನಲ್ಲಿದ್ದ ಕಾಯಂ ತಂತ್ರಾಂಶದ ನಕಲು) ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಅಂತಲೂ ಕೇಳಿದ್ದೇನೆ. ನನ್ನದು 4 ಜಿಬಿಯ ಹಳೇ ಲ್ಯಾಪ್‌ಟಾಪ್. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿವೆ. ಪ್ರೋಗ್ರಾಂ ಎಲ್ಲಿ ತಯಾರಾಗುತ್ತೆ, ಎಲ್ಲಿ ಓಡುತ್ತೆ, ಓಡುವಾಗ ಮೆಮೊರಿಯ ಯಾವ ಜಾಗದಲ್ಲಿ ಕೂತಿರುತ್ತೆ ಎಂಬುದು ಬಿಡಿಸಿ ಗೊತ್ತಿಲ್ಲದಿದ್ದಾಗ ಹೀಗೆ ತಲೆಕೆಡುತ್ತದೆ. ಈ ಮೂರು ಸರಿಯಾಗಿ ತಿಳಿದರೆ ಉಳಿದದ್ದು ಸಲೀಸು. ಅಂದಹಾಗೆ, ಇಲ್ಲಿ ನಾನು ಕನ್ನಡದಲ್ಲಿ ಬರೆಯುವ ಆಜ್ಞೆಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಆ ಇಎಕ್ಸ್‌ಇ ಫೈಲಿನ ಕಥೆ. ವೈಸ್ ಅನ್ನೋದು ನಿಮ್ಮ ಪ್ರೋಗ್ರಾಂ ಓಡಿಸಿಕೊಡುವ ಆ್ಯಪ್ ಅಂದುಕೊಂಡಿದ್ದೀರಿ. ಅದು ಇಡೀ ಒಂದು ಯಂತ್ರ. 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64ರ ಪ್ರೊಸೆಸರ್, ಚಿತ್ರದ ಚಿಪ್, ಸದ್ದಿನ ಚಿಪ್, ಕೀಬೋರ್ಡ್, ಡಿಸ್ಕ್ ಡ್ರೈವ್ ಎಲ್ಲವನ್ನೂ ಅದು ಸಾಫ್ಟ್‌ವೇರಿನಲ್ಲಿ ಕಟ್ಟಿ ನಿಲ್ಲಿಸಿದೆ. ಒಳಗಿರುವ ಪ್ರೊಸೆಸರ್ 6510. ಇದು ಆ ಕಾಲದ ಪ್ರಸಿದ್ಧ 6502ರ ತಮ್ಮ, ಅದೇ ಯಂತ್ರಭಾಷೆ ಮಾತಾಡುತ್ತೆ. ನಿಮ್ಮ ಜಿಸಿಸಿ ತಯಾರಿಸಿದ್ದು ಇಂಟೆಲ್ ಜಾತಿಯ ಪ್ರೊಸೆಸರಿಗೆ. 144 ಎಂಬ ಒಂದು ಬೈಟ್ ತಗೊಳ್ಳಿ. ಇಂಟೆಲ್‌ಗೆ ಅದರ ಅರ್ಥ ‘ಏನೂ ಮಾಡಬೇಡ, ಮುಂದೆ ಹೋಗು’. 6502ಗೆ ಅದೇ ಬೈಟಿನ ಅರ್ಥ ‘ಕ್ಯಾರಿ ಸೊನ್ನೆ ಇದ್ದರೆ ಬೇರೆ ಕಡೆ ಜಿಗಿ’. ಹೀಗಿರುವಾಗ ಒಂದು ಯಂತ್ರದ ಫೈಲ್ ಇನ್ನೊಂದಕ್ಕೆ ಹೇಗೆ ಅರ್ಥವಾದೀತು?

ಪ್ರೊಸೆಸರ್ ಅಷ್ಟೇ ಬೇರೆ ಅಲ್ಲ, ಫೈಲಿನ ಆಕಾರವೂ ಬೇರೆ. ಕಮೊಡೋರ್ ಓಡಿಸುವುದು ಪಿಆರ್‌ಜಿ ಫೈಲನ್ನು. ಅದರ ರಚನೆ ತುಂಬಾ ಸರಳ. ಮೊದಲ ಎರಡು ಬೈಟ್ ವಿಳಾಸ, ಆಮೇಲಿನದೆಲ್ಲ ಆ ವಿಳಾಸದಿಂದ ಮೆಮೊರಿಯಲ್ಲಿ ಸಾಲಾಗಿ ಸುರಿಯಬೇಕಾದ ಬೈಟ್‌ಗಳು. ಬೇಸಿಕ್‌ನಿಂದ (ಯಂತ್ರ ಆನ್ ಮಾಡಿದ ಕೂಡಲೇ ಸಿಗುವ ಸರಳ ಪ್ರೋಗ್ರಾಮಿಂಗ್ ಭಾಷೆ) ಓಡಿಸುವ ಪ್ರೋಗ್ರಾಮಿನಲ್ಲಿ ಸಾಮಾನ್ಯವಾಗಿ ಮೊದಲ ಬೈಟ್ 1, ಎರಡನೆಯದು 8 ಇರುತ್ತವೆ. 8ನ್ನು 256ರಿಂದ ಗುಣಿಸಿ 1 ಕೂಡಿಸಿದರೆ 2049. ಕಮೊಡೋರ್ 64ರಲ್ಲಿ ಬೇಸಿಕ್ ಪ್ರೋಗ್ರಾಂ ಶುರುವಾಗುವ ಜಾಗ ಅದೇ. ವಿಂಡೋಸಿನ ಇಎಕ್ಸ್‌ಇ ಫೈಲಿನ ಮೊದಲ ಎರಡು ಬೈಟ್ 77 ಮತ್ತು 90, ಅಂದರೆ ‘ಎಂ’ ಮತ್ತು ‘ಝಡ್’ ಅಕ್ಷರಗಳು. ಯಾರಾದರೂ ಅದನ್ನು ಪಿಆರ್‌ಜಿ ಅಂತ ಬಲವಂತವಾಗಿ ತುಂಬಿಸಿದರೆ, ಪಾಪ ಕಮೊಡೋರ್ ಅದನ್ನು 23117ನೇ ವಿಳಾಸದಿಂದ ಸುರಿಯಲು ಹೊರಡುತ್ತೆ. ಅದೂ ಜಾಗ ಸಾಕಾದರೆ. ಇಡೀ ಯಂತ್ರದ ಮೆಮೊರಿ 64 ಕೆಬಿ. ಇವತ್ತಿನ ಒಂದು ಬಡಪಾಯಿ ‘ಹಲೋ’ ಇಎಕ್ಸ್‌ಇ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತೆ.

ಹಾಗಾದರೆ ಗೆಳತಿ ಹೇಳಿದ್ದು ಸರಿನಾ? ಅರ್ಧ ಸರಿ. ಅವರು ಹಾಗೆ ಯಾಕೆ ಹೇಳಿದರು ಅಂತ ಊಹಿಸಬಲ್ಲೆ. ನಮ್ಮ ಕಡೆಯ ಎಷ್ಟೋ ಕಾಲೇಜು ಲ್ಯಾಬ್‌ಗಳಲ್ಲಿ ಸಿ ಕಲಿಸೋದು ಟರ್ಬೊ ಸಿ ಪ್ಲಸ್ ಪ್ಲಸ್‌ನಲ್ಲಿ. ಅದು 90ರ ದಶಕದ ಆರಂಭದ ಡಾಸ್ ತಂತ್ರಾಂಶ. ಇವತ್ತಿನ ವಿಂಡೋಸ್‌ನಲ್ಲಿ ನೇರ ಓಡದ ಕಾರಣ ಡಾಸ್‌ಬಾಕ್ಸ್ ಒಳಗೆ ಇಟ್ಟು ಓಡಿಸುತ್ತಾರೆ. ಡಾಸ್‌ಬಾಕ್ಸ್ ಕೂಡ ಎಮ್ಯುಲೇಟರೇ, ಹಳೇ ಪಿಸಿಯ ಎಮ್ಯುಲೇಟರ್. ಅಂದರೆ ನೀವು ಗೊತ್ತಿಲ್ಲದೆಯೇ ಎಮ್ಯುಲೇಟರ್ ಒಳಗೆ ಕಂಪೈಲ್ ಮಾಡಿದ್ದೀರಿ, ಅಲ್ವಾ? ಅಲ್ಲಿ ಎಡಿಟರ್, ಕಂಪೈಲರ್, ಪ್ರೋಗ್ರಾಂ ಮೂರೂ ಒಂದೇ ಹಳೇ ಯಂತ್ರದೊಳಗೆ. ಅದನ್ನು ನೋಡಿ ಬೆಳೆದವರಿಗೆ ಎಲ್ಲ ಎಮ್ಯುಲೇಟರ್‌ಗಳೂ ಹೀಗೇ ಅನ್ನಿಸುವುದು ಸಹಜ.

ಇನ್ನೊಂದು ದಾರಿ ಇದೆ. ಅದರ ಹೆಸರು ಕ್ರಾಸ್ ಕಂಪೈಲಿಂಗ್. ಕಂಪೈಲರ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತೆ, ಆದರೆ ಅದು ಹುಟ್ಟಿಸುವ ಫೈಲ್ ಇನ್ನೊಂದು ಯಂತ್ರಕ್ಕೆ ಸೇರಿದ್ದು. ಟೈಲರಿಗೆ ಅಳತೆ ಬ್ಲೌಸ್ ಕೊಟ್ಟು ಬಂದ ಹಾಗೆ. ಹೊಲಿಯೋದು ಅವರ ಅಂಗಡಿಯಲ್ಲಿ, ಕೂರಬೇಕಾದ್ದು ನಿಮ್ಮ ಮೈಗೆ. ಸಿಸಿ65ಗೆ ‘ಟಾರ್ಗೆಟ್ ಸಿ64’ ಅಂತ ಹೇಳುವುದೇ ಆ ಅಳತೆ.

ನಾನು ಹೊಟ್ಟೆಪಾಡಿಗೆ ಮಾಡುವುದು ಫರ್ಮ್‌ವೇರ್ ಕೆಲಸ. ಮೀಟರು, ಮೋಟರ್ ಕಂಟ್ರೋಲರ್ ಥರದ ಪೆಟ್ಟಿಗೆಗಳ ಒಳಗಿನ ಪುಟ್ಟ ಚಿಪ್‌ಗಳಿಗೆ ಕೋಡ್ ಬರೆಯುತ್ತೇನೆ. ಆ ಚಿಪ್ ಮೇಲೆ ಯಾರೂ ಕಂಪೈಲರ್ ಓಡಿಸುವುದಿಲ್ಲ. ಕೋಡೆಲ್ಲ ಪಿಸಿಯಲ್ಲಿ ತಯಾರಾಗಿ ಬೋರ್ಡಿಗೆ ಇಳಿಯುತ್ತೆ. ಬೋರ್ಡ್ ಇನ್ನೂ ಬಂದಿಲ್ಲ ಅಂದರೆ ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡುತ್ತೇವೆ. ಆದ್ದರಿಂದ ಇದು ಕಳ್ಳದಾರಿ ಅಂತ ಯಾರಾದರೂ ಮೂಗು ಮುರಿದರೆ ತಲೆಕೆಡಿಸಿಕೊಳ್ಳಬೇಡಿ. 1975ರಲ್ಲಿ ಆಲ್ಟೇರ್ ಎಂಬ ಕಂಪ್ಯೂಟರಿಗೆ ಬಿಲ್ ಗೇಟ್ಸ್, ಪಾಲ್ ಆಲನ್, ಮಾಂಟಿ ಡೇವಿಡಾಫ್ ಬೇಸಿಕ್ ಬರೆದಾಗ ಅವರ ಹತ್ತಿರ ಆ ಯಂತ್ರವೇ ಇರಲಿಲ್ಲ. ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರಿನಲ್ಲಿ ಆಲನ್ 8080 ಪ್ರೊಸೆಸರಿನ ಎಮ್ಯುಲೇಟರ್ ಕಟ್ಟಿದರು, ಬೇಸಿಕ್ ಅದರ ಮೇಲೆ ಬೆಳೆಯಿತು. ಆಲನ್ ವಿಮಾನ ಹತ್ತಿ ಆಲ್ಬುಕರ್ಕಿಗೆ ಹೋಗಿ ನಿಜವಾದ ಆಲ್ಟೇರ್‌ನಲ್ಲಿ ಮೊದಲ ಸಲ ಓಡಿಸಿದರು. ಅಷ್ಟರ ತನಕ ಎಲ್ಲವೂ ಎಮ್ಯುಲೇಟರೇ. ನಿಮ್ಮ ನೀಲಿ ಪರದೆಯಲ್ಲಿ ‘ರೆಡಿ’ ಅನ್ನುವ ಬೇಸಿಕ್ ಕೂಡ ಮೈಕ್ರೋಸಾಫ್ಟ್ ಮನೆತನದ್ದೇ. ಕಮೊಡೋರ್ ಕಂಪನಿ ಅದರ ಲೈಸೆನ್ಸ್ ಪಡೆದಿತ್ತು.

ಈಗ ದಾರಿಗಳ ವಿಚಾರ. ನಿಮ್ಮ ಸೀನಿಯರ್ ಹೇಳಿದ ಅಸೆಂಬ್ಲಿ ಒಂದು ದಾರಿ, ಆದರೆ ಮೊದಲ ದಾರಿ ಅಲ್ಲ. ಮೊದಲ ಒಂದೆರಡು ಸಂಜೆ ಎಮ್ಯುಲೇಟರಿನ ಬೇಸಿಕ್‌ನಲ್ಲೇ ಕಳೆಯಿರಿ ಅಂತ ನನ್ನ ಸಲಹೆ. ಕಂಪೈಲರ್ ಬೇಡ, ಏನೂ ಬೇಡ. ‘ಪೋಕ್ 53280,0’ ಅಂತ ಟೈಪ್ ಮಾಡಿ ರಿಟರ್ನ್ ಒತ್ತಿ. ಪರದೆಯ ಅಂಚು ಕಪ್ಪಾಗುತ್ತೆ. 53281ಕ್ಕೆ ಹಾಗೇ ಮಾಡಿದರೆ ಒಳಗಿನ ಬಣ್ಣ ಬದಲಾಗುತ್ತೆ. ‘ಪೋಕ್ 1024,1’ ಅಂದರೆ ಎಡಗಡೆ ಮೇಲಿನ ಮೂಲೆಯಲ್ಲಿ ‘ಎ’ ಅಕ್ಷರ ಮೂಡುತ್ತೆ. ಯಾಕೆಂದರೆ ಪರದೆಯ 40 ಕಾಲಂ, 25 ಸಾಲು, ಒಟ್ಟು 1000 ಅಕ್ಷರಗಳು 1024ನೇ ವಿಳಾಸದಿಂದ ಶುರುವಾಗಿ ಮೆಮೊರಿಯಲ್ಲೇ ಕೂತಿವೆ. ಅವುಗಳ ಬಣ್ಣ 55296ರಿಂದ. ವಿಂಡೋಸಿನಲ್ಲಿ ಪರದೆಗೆ ಒಂದು ಅಕ್ಷರ ಬರೆಯಬೇಕಾದರೆ ಆಪರೇಟಿಂಗ್ ಸಿಸ್ಟಂ ಬಾಗಿಲು ತಟ್ಟಬೇಕು. ಇಲ್ಲಿ ಒಂದು ವಿಳಾಸದಲ್ಲಿ ಒಂದು ಸಂಖ್ಯೆ ಇಟ್ಟರೆ ಮುಗಿಯಿತು. ಇದನ್ನು ಕೈಯಾರೆ ಮಾಡಿ ನೋಡಿದವರಿಗೆ ಆಮೇಲೆ ಸಿ ಪಾಯಿಂಟರ್ ಪಾಠ ಬೇರೆಯೇ ಥರ ಅರ್ಥವಾಗುತ್ತೆ. ಬೇಸಿಕ್‌ನ ತೊಂದರೆ ಅಂದರೆ ನಿಧಾನ. ಆಟ ಗೀಟ ಬರೆಯಲು ಹೊರಟರೆ ಬೇಗ ಬೇಸರವಾಗುತ್ತೆ.

ಇಲ್ಲೇ ಒಂದು ಸಣ್ಣ ಕಿರಿಕಿರಿ ಎದುರಾಗಬಹುದು. ಉದ್ಧರಣ ಚಿಹ್ನೆ ಹೊಡೆಯಲು ಹೋದರೆ ಬೇರೇನೋ ಬರುತ್ತೆ. ನಿಜವಾದ ಕಮೊಡೋರ್ ಕೀಬೋರ್ಡಿನಲ್ಲಿ ಅದು ಶಿಫ್ಟ್ ಮತ್ತು 2ರ ಮೇಲಿದೆ. ವೈಸ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ ‘ಪೊಸಿಷನಲ್’ ಇದ್ದರೆ ಹಳೇ ಯಂತ್ರದ ಜಾಗ ಪಾಲಿಸುತ್ತೆ, ‘ಸಿಂಬಾಲಿಕ್’ ಇದ್ದರೆ ನಿಮ್ಮ ಕೀಲಿ ಮೇಲೆ ಬರೆದಿರುವುದೇ ಬರುತ್ತೆ. ಬರೆಯುವಾಗ ಸಿಂಬಾಲಿಕ್ ಇಟ್ಟುಕೊಳ್ಳಿ.

ಆಮೇಲೆ ಸಿ. ನಿಮಗೆ ಸಿಸಿ65 ಕೊಟ್ಟವರು ಒಳ್ಳೆಯದನ್ನೇ ಕೊಟ್ಟಿದ್ದಾರೆ. ಉಚಿತ, ಹಳೆಯದು, ದಾಖಲೆಗಳು ಚೆನ್ನಾಗಿವೆ. ಲಿನಕ್ಸ್‌ನಲ್ಲಿ ಪ್ಯಾಕೇಜ್ ಸಿಗುತ್ತೆ. ವಿಂಡೋಸ್‌ನಲ್ಲಿ ಜಿಪ್ ಬಿಚ್ಚಿ, ಒಳಗಿನ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿದರೆ ಆಯಿತು. 4 ಜಿಬಿ ಲ್ಯಾಪ್‌ಟಾಪ್ ಧಾರಾಳ ಸಾಕು. ಅದರಲ್ಲಿ ಕಂಪೈಲರ್, ಅಸೆಂಬ್ಲರ್, ಲಿಂಕರ್ ಬೇರೆ ಬೇರೆ ಇವೆ. ಮೂರನ್ನೂ ಕರೆಯುವ ಮೇಸ್ತ್ರಿಯ ಹೆಸರು ಸಿಎಲ್65. ಆಜ್ಞೆ ಇಷ್ಟೇ:

ಸಿಎಲ್65 -ಟಿ ಸಿ64 -ಓ ಹಲೋ.ಪಿಆರ್‌ಜಿ ಹಲೋ.ಸಿ

ಈ ‘ಓ’ ಸಣ್ಣಕ್ಷರದ್ದು, ಹುಟ್ಟುವ ಫೈಲಿನ ಹೆಸರು ಹೇಳಲು. ದೊಡ್ಡಕ್ಷರದ ‘ಓ’ ಸೇರಿಸಿದರೆ ಕೋಡನ್ನು ಚುರುಕುಗೊಳಿಸುತ್ತೆ. ಟಾರ್ಗೆಟ್ ಪ್ರತಿ ಸಲವೂ ಬರೆಯಿರಿ. ಅದು ಪ್ರೊಸೆಸರ್ ಆರಿಸಲು ಮಾತ್ರ ಇರುವುದಲ್ಲ. ಯಾವ ಲೈಬ್ರರಿ, ಯಾವ ಮೆಮೊರಿ ನಕ್ಷೆ, ಅಕ್ಷರಗಳನ್ನು ಯಾವ ಸಂಕೇತಕ್ಕೆ ಬದಲಿಸಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತೆ. ಕಮೊಡೋರ್‌ನ ಅಕ್ಷರ ಸಂಕೇತ ಪೆಟ್‌ಸ್ಕಿ, ನಮ್ಮ ಆಸ್ಕಿ ಅಲ್ಲ. ಸಿಕ್ಕ ಪಿಆರ್‌ಜಿ ಫೈಲನ್ನು ಈಗ ವೈಸ್ ಮೇಲೆ ಎಳೆದು ಬಿಡಿ, ತಾನೇ ತುಂಬಿಕೊಂಡು ಓಡುತ್ತೆ.

ಪ್ರೋಗ್ರಾಂ ಮುಗಿದ ಮೇಲೆ ‘ಲಿಸ್ಟ್’ ಕೊಟ್ಟು ನೋಡಿ. ನಿಮ್ಮ ಸಿ ಕೋಡ್ ಕಾಣಲ್ಲ. ಒಂದೇ ಒಂದು ಬೇಸಿಕ್ ಸಾಲು ಕಾಣುತ್ತೆ: ‘ಎಸ್‌ವೈಎಸ್ 2061’. ಇದು ಸಿಸಿ65 ಮಾಡುವ ಜಾಣತನ. 2049ರಲ್ಲಿ 12 ಬೈಟಿನ ಪುಟ್ಟ ಬೇಸಿಕ್ ಪ್ರೋಗ್ರಾಂ ಇಟ್ಟಿರುತ್ತೆ. ರನ್ ಅಂದಾಗ ಅದು ‘2061ಕ್ಕೆ ಜಿಗಿ’ ಅನ್ನುತ್ತೆ. 2061ರಿಂದ ನಿಮ್ಮ ಯಂತ್ರಭಾಷೆ ಶುರು. ಈ ಸಾಲು ಅರ್ಥವಾದ ದಿನ ನೀವು ಅರ್ಧ ದಾರಿ ಬಂದ ಹಾಗೆ.

ನಿಮಗೆ ಒಂದು ಅನುಕೂಲವೂ ಇದೆ. ಟರ್ಬೊ ಸಿಯಲ್ಲಿ ಬಳಸಿದ ಕೊನಿಯೊ ಹೆಡರ್ ಸಿಸಿ65ರಲ್ಲೂ ಇದೆ. ಕ್ಲಿಯರ್‌ಸ್ಕ್ರೀನ್, ಗೋಟು-ಎಕ್ಸ್‌ವೈ, ಕೆಬಿಹಿಟ್ ಎಲ್ಲ ಪರಿಚಿತ ಮುಖಗಳೇ. ಗೆಟ್‌ಸಿಎಚ್ ಬದಲು ಸಿಗೆಟ್‌ಸಿ. ಆಧುನಿಕ ಕಂಪೈಲರಿಗೆ ಬಂದ ಮೇಲೆ ಮರೆಯಿರಿ ಅಂತ ಎಲ್ಲರೂ ಹೇಳುವ ಆ ಹಳೇ ಅಭ್ಯಾಸಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಪ್ರಿಂಟ್‌ಎಫ್ ಮಾತ್ರ ಸುಮ್ನೆ ಸುಮ್ನೆ ಬಳಸಬೇಡಿ. ಅದನ್ನು ಕರೆದ ಕೂಡಲೇ ಪ್ರೋಗ್ರಾಂ ಒಂದೆರಡು ಸಾವಿರ ಬೈಟ್ ದಪ್ಪವಾಗುತ್ತೆ. ಬರೀ ವಾಕ್ಯ ತೋರಿಸಲು ಸಿಪುಟ್ಸ್ ಸಾಕು.

ನಿಮ್ಮ ನಿಲ್ಲದ ಲೂಪ್‌ಗೆ ಬರೋಣ. ಎಮ್ಯುಲೇಟರಿನ ದೋಷ ಅಲ್ಲ, ಕಂಪೈಲರಿನದೂ ಅಲ್ಲ. ಸಿಸಿ65ರಲ್ಲಿ ಇಂಟ್ ಅಂದರೆ 16 ಬಿಟ್. ಹಿಡಿಸುವುದು −32768ರಿಂದ 32767ರವರೆಗೆ. 32767 ಆದ ಮೇಲೆ ಒಂದು ಕೂಡಿಸಿದರೆ ಸಂಖ್ಯೆ ಋಣಾತ್ಮಕವಾಗಿ ತಿರುಗಿಬಿಡುತ್ತೆ, 40000 ಯಾವತ್ತೂ ಬರಲ್ಲ. ಅನ್‌ಸೈನ್ಡ್ ಇಂಟ್ ಮಾಡಿ, 65535ರವರೆಗೆ ಹೋಗಬಹುದು. ಇನ್ನೂ ಬೇಕಾದರೆ ಲಾಂಗ್ ಇದೆ, ಆದರೆ ಬೆಲೆ ತೆರಬೇಕು. 6502ರ ರಿಜಿಸ್ಟರ್‌ಗಳು 8 ಬಿಟ್. 16 ಬಿಟ್ ಲೆಕ್ಕವನ್ನೇ ಎರಡು ತುಂಡು ಮಾಡಿ ಮಾಡುತ್ತೆ, 32 ಬಿಟ್ ಅಂದರೆ ನಾಲ್ಕು. ಗುಣಾಕಾರ, ಭಾಗಾಕಾರದ ಆಜ್ಞೆಗಳೇ ಅದರಲ್ಲಿಲ್ಲ, ಲೈಬ್ರರಿ ಕೂಡುತ್ತಾ ಸರಿಸುತ್ತಾ ಮಾಡಿಕೊಡುತ್ತೆ. ಆದ್ದರಿಂದ 255 ದಾಟದ ಎಣಿಕೆಗೆಲ್ಲ ಅನ್‌ಸೈನ್ಡ್ ಚಾರ್ ಬಳಸಿ. ವೇಗದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಮಾದರಿಯಲ್ಲಿ ಗಡಿಯಾರದ ವೇಗ ಸೆಕೆಂಡಿಗೆ ಸುಮಾರು 9.85 ಲಕ್ಷ ಮಿಡಿತ. ಪರದೆ ಸೆಕೆಂಡಿಗೆ 50 ಸಲ ಬದಲಾಗುತ್ತೆ. ಒಂದು ಚಿತ್ರಕ್ಕೆ ಸಿಗೋದು 19656 ಮಿಡಿತ. ಒಂದೊಂದು ಆಜ್ಞೆಗೆ ಎರಡರಿಂದ ಏಳು ಮಿಡಿತ ಖರ್ಚು. ಇಷ್ಟರಲ್ಲೇ ಸಂಸಾರ ಸಾಗಿಸಬೇಕು.

ಫ್ಲೋಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಸಿಸಿ65ರಲ್ಲಿ ಇಲ್ಲ. ವಿಚಿತ್ರ ಅಂದರೆ ಆ ಯಂತ್ರದ ಬೇಸಿಕ್‌ನಲ್ಲಿ ಇದೆ. ಸಿಯಲ್ಲಿ ದಶಮಾಂಶ ಬೇಕಾದರೆ ರೂಪಾಯಿಯ ಲೆಕ್ಕವನ್ನು ಪೈಸೆಯಲ್ಲಿ ಇಟ್ಟುಕೊಂಡು ತೋರಿಸುವಾಗ ಚುಕ್ಕಿ ಹಾಕಿ. ಫ್ಯಾಕ್ಟೋರಿಯಲ್, ಹನೋಯ್ ಗೋಪುರ ಅಂತ ಲ್ಯಾಬಿನಲ್ಲಿ ಮಾಡಿದ ರಿಕರ್ಷನ್ ಪ್ರೋಗ್ರಾಂಗಳನ್ನು ಇಲ್ಲಿ ಆಳಕ್ಕೆ ಬಿಡಬೇಡಿ. ಪ್ರೊಸೆಸರಿನ ಸ್ಟ್ಯಾಕ್ (ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಅಂತ ಬರೆದಿಡುವ ಜಾಗ) ಬರೀ 256 ಬೈಟ್. ಸಿಸಿ65 ಆರ್ಗ್ಯುಮೆಂಟ್‌ಗಳಿಗೆ ಬೇರೆ ಸ್ಟ್ಯಾಕ್ ಇಟ್ಟುಕೊಳ್ಳುತ್ತೆ, ಅದೂ ಸಾಮಾನ್ಯವಾಗಿ 2 ಕೆಬಿ. ತುಂಬಿ ಹರಿದರೆ ಎಚ್ಚರಿಕೆ ಕೊಡುವವರು ಯಾರೂ ಇಲ್ಲ, ಪಕ್ಕದ ಮೆಮೊರಿಯನ್ನು ಸುಮ್ಮನೆ ತುಳಿದುಕೊಂಡು ಹೋಗುತ್ತೆ.

ಅಸೆಂಬ್ಲಿ ಯಾವಾಗ? ಸಿಯಲ್ಲಿ ಬರೆದದ್ದು ಪರದೆಯ ವೇಗಕ್ಕೆ ಹೊಂದದೆ ತೊದಲಿದಾಗ. ಆಗಲೂ ಇಡೀ ಪ್ರೋಗ್ರಾಂ ಬೇಡ, ಬಿಸಿ ಹತ್ತಿದ ಒಂದೆರಡು ಫಂಕ್ಷನ್ ಸಾಕು. ಸಿಸಿ65ರ ಅಸೆಂಬ್ಲರ್ ಸಿಎ65ರಲ್ಲೇ ಬರೆದು ಸಿ ಜೊತೆ ಲಿಂಕ್ ಮಾಡಬಹುದು. ಪೂರ್ತಿ ಅಸೆಂಬ್ಲಿಯೇ ಬೇಕು ಅನ್ನುವವರು ಕಿಕ್ ಅಸೆಂಬ್ಲರ್, ಆಕ್ಮೆ, 64ಟಾಸ್ ಬಳಸುತ್ತಾರೆ. ಮೂರೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುವವು. ಸಿಯಲ್ಲೇ ಇನ್ನಷ್ಟು ವೇಗ ಬೇಕು ಅಂದರೆ ಆಸ್ಕರ್64 ಮತ್ತು ಎಲ್‌ಎಲ್‌ವಿಎಂ-ಮಾಸ್ ಎಂಬ ಹೊಸ ಕಂಪೈಲರ್‌ಗಳಿವೆ, ಸಾಮಾನ್ಯವಾಗಿ ಸಿಸಿ65ಗಿಂತ ಚುರುಕಾದ ಕೋಡ್ ಕೊಡುತ್ತವೆ. ಆದರೂ ಹೊಸಬರಿಗೆ ನಾನು ಸಿಸಿ65 ಹೇಳುತ್ತೇನೆ. ತೊಂದರೆ ಬಂದಾಗ ಉತ್ತರ ಹುಡುಕೋದು ಸುಲಭ.

ಗೆಳತಿ ಹೇಳಿದ ಹಾಗೆ ಎಮ್ಯುಲೇಟರ್ ಒಳಗೇ ಎಲ್ಲ ಮಾಡುವ ದಾರಿಯೂ ಇದೆ. 80ರ ದಶಕದ ಜನ ಹಾಗೇ ಮಾಡಿದರು. ಅನುಭವಕ್ಕೆ ಒಂದು ಸಲ ನೋಡಿ, ಕಾಯಂ ಕೆಲಸಕ್ಕೆ ಬೇಡ. 40 ಕಾಲಮ್ಮಿನ ಎಡಿಟರ್, ಕಾಪಿ ಪೇಸ್ಟ್ ಕಷ್ಟ, ಪ್ರೋಗ್ರಾಂ ಕ್ರ್ಯಾಶ್ ಆದರೆ ಅದರ ಜೊತೆ ಸೇವ್ ಮಾಡದ ಕೋಡೂ ಹೋಗುತ್ತೆ. ಕೆಲವು ಯಂತ್ರಗಳಿಗೆ ಮಾತ್ರ ಇದೇ ಸರಿಯಾದ ದಾರಿ. ಸಿಮ್‌ಎಚ್ ಎನ್ನುವ ಎಮ್ಯುಲೇಟರಿನಲ್ಲಿ ಪಿಡಿಪಿ-11 ಎಂಬ ಹಳೇ ಕಂಪ್ಯೂಟರ್ ಎಬ್ಬಿಸಿ ಏಳನೇ ಆವೃತ್ತಿಯ ಯುನಿಕ್ಸ್ ಓಡಿಸಿದರೆ ಸಿ ಕಂಪೈಲರ್ ಅದರೊಳಗೇ ಕಾದಿರುತ್ತೆ. ಕಾನೂನಿನ ತಕರಾರೂ ಇಲ್ಲ, ಆ ಹಳೇ ಯುನಿಕ್ಸ್‌ಗಳನ್ನು ಕ್ಯಾಲ್ಡೆರಾ ಕಂಪನಿ 2002ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟಿತು. ಅಲ್ಲಿಯ ಎಡಿಟರ್ ಒಂದೊಂದೇ ಸಾಲು ತೋರಿಸುತ್ತೆ, ತಾಳ್ಮೆ ಬೇಕು.

ಹಾಳಾಗುವ ಭಯಕ್ಕೆ ಉತ್ತರ: ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಲ್ಲ. ಎಮ್ಯುಲೇಟರಿನ 53280ನೇ ವಿಳಾಸ ನಿಮ್ಮ ಲ್ಯಾಪ್‌ಟಾಪಿನ ಯಾವ ಹಾರ್ಡ್‌ವೇರ್ ವಿಳಾಸವೂ ಅಲ್ಲ. ತಪ್ಪು ಪೋಕ್ ಕೊಟ್ಟರೆ ಒಳಗಿನ ಯಂತ್ರ ಹೆಪ್ಪುಗಟ್ಟುತ್ತೆ, ರೀಸೆಟ್ ಕೊಡಿ. ಆದರೆ ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಕಮೊಡೋರ್‌ನ ಹಿಂದಿನ ಯಂತ್ರ ಪೆಟ್‌ನಲ್ಲಿ ಪರದೆಯ ವೇಗ ಹೆಚ್ಚಿಸುವ ಒಂದು ಪೋಕ್ ಇತ್ತು. ಮುಂದಿನ ಮಾದರಿಗಳಲ್ಲಿ ಅದನ್ನೇ ಕೊಟ್ಟರೆ ಮಾನಿಟರ್ ಕೆಡುವ ಅಪಾಯವಿತ್ತು. ‘ಕಿಲ್ಲರ್ ಪೋಕ್’ ಅಂತಲೇ ಅದಕ್ಕೆ ಹೆಸರು. ಅದು ನಿಜವಾದ ಹಾರ್ಡ್‌ವೇರಿನ ಮಾತು.

ನಿಜವಾದ ನಷ್ಟ ಆಗೋದು ಬೇರೆ ಕಡೆ. ವೈಸ್‌ಗೆ ಸಿಕ್ಕಿಸಿದ ಡಿ64 ಡಿಸ್ಕ್ ಫೈಲಿಗೆ ಒಳಗಿನ ಪ್ರೋಗ್ರಾಂ ನೇರವಾಗಿ ಬರೆಯಬಲ್ಲದು. ಲ್ಯಾಪ್‌ಟಾಪಿನ ಒಂದು ಫೋಲ್ಡರನ್ನೇ ಡ್ರೈವ್ ಆಗಿ ತೋರಿಸುವ ಸೌಲಭ್ಯವೂ ಇದೆ. ಅಲ್ಲಿ ಅಳಿಸಿದ್ದು ನಿಜವಾಗಿಯೂ ಅಳಿಯುತ್ತೆ. ಅದಕ್ಕೆ ಬೇರೆ ಖಾಲಿ ಫೋಲ್ಡರ್ ಇಡಿ. ಇನ್ನೊಂದು, ಬೇಸಿಕ್ ಬರೆದು ಸ್ನ್ಯಾಪ್‌ಶಾಟ್ ಉಳಿಸಿದರೆ ಪ್ರೋಗ್ರಾಂ ಸೇವ್ ಆಯಿತು ಅಂದುಕೊಳ್ಳಬೇಡಿ. ಸ್ನ್ಯಾಪ್‌ಶಾಟ್ ಅಂದರೆ ಆ ಕ್ಷಣದ ಇಡೀ ಯಂತ್ರದ ಸ್ಥಿತಿ. ವೈಸ್‌ನ ಆವೃತ್ತಿ ಬದಲಾದರೆ ತೆರೆಯದೆಯೂ ಹೋಗಬಹುದು. ಡಿಸ್ಕ್ ಫೈಲಿಗೆ ‘ಸೇವ್’ ಆಜ್ಞೆಯಿಂದಲೇ ಉಳಿಸಿ.

ಕಾನೂನಿನ ವಿಷಯದಲ್ಲಿ ನಾನು ವಕೀಲ ಅಲ್ಲ, ಎಂಜಿನಿಯರ್ ಆಗಿ ತಿಳಿದಷ್ಟು ಹೇಳುತ್ತೇನೆ. ಎಮ್ಯುಲೇಟರ್ ಬರೆಯುವುದೇ ತಪ್ಪು ಅನ್ನುವುದು ಸುಳ್ಳು. ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಮೇಲೆ ಸೋನಿ ಹಾಕಿದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ 2000ದಲ್ಲಿ ಕನೆಕ್ಟಿಕ್ಸ್ ಪರವಾಗಿ ತೀರ್ಪು ಕೊಟ್ಟಿತು. ರೋಮ್ ಫೈಲ್‌ಗಳ ಕಥೆ ಬೇರೆ. ಕಮೊಡೋರ್ 64ರ ಒಳಗಿನ ಬೇಸಿಕ್, ಕರ್ನಲ್ (ಯಂತ್ರ ನಡೆಸುವ ಮೂಲ ತಂತ್ರಾಂಶ) ಮತ್ತು ಅಕ್ಷರಗಳ ರೋಮ್ ಒಟ್ಟು 20 ಕೆಬಿ. ಅವುಗಳಿಗೆ ಕೃತಿಸ್ವಾಮ್ಯ ಇದೆ. ವಿಂಡೋಸ್‌ಗೆ ಸಿಗುವ ವೈಸ್ ಜೊತೆ ಅವು ಸೇರಿಯೇ ಬರುತ್ತವೆ. ಡೆಬಿಯನ್ ಲಿನಕ್ಸಿನವರು ಇದೇ ಕಾರಣಕ್ಕೆ ತಮ್ಮ ಪ್ಯಾಕೇಜಿನಿಂದ ಅವನ್ನು ತೆಗೆದಿದ್ದಾರೆ. ಮುಂದೆ ಲಿನಕ್ಸಿಗೆ ಹೋದಾಗ ‘ಕರ್ನಲ್ ಸಿಗಲಿಲ್ಲ’ ಅಂತ ವೈಸ್ ನಿಂತುಬಿಟ್ಟರೆ ಗಾಬರಿ ಬೇಡ, ಕಾರಣ ಇದು. ನೀವೇ ಬರೆದ ಪ್ರೋಗ್ರಾಮನ್ನು ಹಂಚಲು ಯಾವ ಅಡ್ಡಿಯೂ ಇಲ್ಲ, ಪಿಆರ್‌ಜಿ ಮಾತ್ರ ಹಂಚಿ, ರೋಮ್ ಜೊತೆ ಕಟ್ಟಿ ಕೊಡಬೇಡಿ.

ತಪ್ಪು ಹುಡುಕೋದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ವಾರದೊಳಗೆ ಕೇಳುತ್ತೀರಿ. ವೈಸ್‌ನ ಮೆನುವಿನಲ್ಲಿ ‘ಮಾನಿಟರ್’ ಇದೆ. ತೆರೆದರೆ ಯಂತ್ರ ಅಲ್ಲಿಗೇ ನಿಲ್ಲುತ್ತೆ. ‘ಎಂ 0400’ ಅಂದರೆ ಪರದೆಯ ಮೆಮೊರಿ ತೋರಿಸುತ್ತೆ (ಇಲ್ಲಿ ಸಂಖ್ಯೆಗಳು ಹೆಕ್ಸ್‌ನಲ್ಲಿ, 0400 ಅಂದರೆ ನಮ್ಮ 1024). ‘ಡಿ’ ಅಂದರೆ ಯಂತ್ರಭಾಷೆ ಬಿಡಿಸಿ ತೋರಿಸುತ್ತೆ, ‘ಎಕ್ಸ್’ ಅಂದರೆ ಹೊರಗೆ. ಮಾನಿಟರಿಗಿಂತ ಸುಲಭದ ಉಪಾಯ ಅಂಚಿನ ಬಣ್ಣ. ಫಂಕ್ಷನ್ ಶುರುವಿನಲ್ಲಿ 53280ಕ್ಕೆ ಒಂದು ಬಣ್ಣ ಹಾಕಿ, ಮುಗಿದಾಗ ಹಳೇ ಬಣ್ಣ ಹಾಕಿ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಬಣ್ಣವೇ ಹೇಳುತ್ತೆ. ಚಿತ್ರಕ್ಕೊಮ್ಮೆ ಓಡುವ ಕೋಡ್ ಆದರೆ ಆ ಬಣ್ಣದ ಪಟ್ಟಿ ಎಷ್ಟು ಎತ್ತರ ಇದೆ ಅನ್ನೋದೇ ಅದು ತಿಂದ ಸಮಯ. ನಾನು ಇವತ್ತಿಗೂ ಬೋರ್ಡ್ ಮೇಲೆ ಎಲ್‌ಇಡಿ ಹೊತ್ತಿಸಿ ಇದನ್ನೇ ಮಾಡುತ್ತೇನೆ.

ಮುಂದೆ ಯಾವತ್ತಾದರೂ ನಿಜವಾದ ಕಮೊಡೋರ್‌ನಲ್ಲಿ ಓಡಿಸುವ ಆಸೆ ಇದ್ದರೆ ಎಮ್ಯುಲೇಟರ್ ಮುಚ್ಚಿಡುವ ಎರಡು ವಿಷಯ ನೆನಪಿರಲಿ. ಎಳೆದು ಬಿಟ್ಟ ಪಿಆರ್‌ಜಿ ಫೈಲ್ ವೈಸ್‌ನಲ್ಲಿ ಸರ್ರಂತ ಮೆಮೊರಿಗೆ ಇಳಿಯಬಲ್ಲದು. ಕಮೊಡೋರ್‌ನ ನಿಜವಾದ 1541 ಡಿಸ್ಕ್ ಡ್ರೈವ್ ಸೆಕೆಂಡಿಗೆ ಸುಮಾರು 400 ಬೈಟ್ ಓದುತ್ತೆ, 30 ಕೆಬಿಯ ಆಟಕ್ಕೆ ಒಂದು ನಿಮಿಷಕ್ಕೂ ಜಾಸ್ತಿ ಕಾಯಬೇಕು. ಪಾಲ್‌ಗೆ ಅಳೆದು ಬರೆದ ಕೋಡ್ ಅಮೆರಿಕದ ಎನ್‌ಟಿಎಸ್‌ಸಿ ಯಂತ್ರದಲ್ಲಿ ತಾಳ ತಪ್ಪಬಹುದು, ಅಲ್ಲಿ ಒಂದು ಚಿತ್ರಕ್ಕೆ ಸಿಗುವ ಮಿಡಿತವೇ ಕಮ್ಮಿ. ಇದನ್ನು ವೈಸ್‌ನಲ್ಲೇ ಮಾದರಿ ಬದಲಿಸಿ ಪರೀಕ್ಷಿಸಬಹುದು. ಎಕ್ಸ್64ಎಸ್‌ಸಿ ಎಂಬ ಹೆಸರಿನದನ್ನೇ ಬಳಸಿ, ಅದು ಮಿಡಿತ ಮಿಡಿತಕ್ಕೂ ನಿಷ್ಠೆಯಾಗಿರುವ ಆವೃತ್ತಿ. ಲ್ಯಾಪ್‌ಟಾಪ್ ತೀರಾ ಹಳೆಯದಾಗಿ ಸದ್ದು ಕತ್ತರಿಸಿದ ಹಾಗೆ ಬಂದರೆ ಮಾತ್ರ ಹಗುರವಾದ ಎಕ್ಸ್64 ಸಿಗುತ್ತದಾ ನೋಡಿ.

ಮೊದಲ ಯೋಜನೆಯಾಗಿ ಏನು ಮಾಡಲಿ ಅಂತ ಯೋಚಿಸುತ್ತಿದ್ದರೆ ನನ್ನದೊಂದು ಸಲಹೆ: ಪರದೆ ಮೇಲೆ ಕನ್ನಡ ಅಕ್ಷರ ಮೂಡಿಸಿ. ಕಮೊಡೋರ್ 64ರಲ್ಲಿ ಒಂದು ಅಕ್ಷರ ಅಂದರೆ 8 ಬೈಟ್, 8 ಗುಣಿಸು 8 ಚುಕ್ಕಿ. 256 ಅಕ್ಷರಗಳ ಗುಂಪಿಗೆ 2048 ಬೈಟ್. ಈ ಗುಂಪು ಎಲ್ಲಿದೆ ಅಂತ ಚಿತ್ರದ ಚಿಪ್‌ಗೆ 53272ನೇ ವಿಳಾಸದಲ್ಲಿ ಹೇಳಬೇಕು. ಅಲ್ಲಿರುವ ಸಂಖ್ಯೆಯ ಮೇಲಿನ ನಾಲ್ಕು ಬಿಟ್ ಉಳಿಸಿಕೊಂಡು 12 ಕೂಡಿಸಿದರೆ 12288ರಿಂದ ಓದುತ್ತೆ. 8 ಚುಕ್ಕಿಯಲ್ಲಿ ‘ಗ’ ಕಷ್ಟಪಟ್ಟು ಕೂರುತ್ತೆ, ‘ಜ್ಞಾ’ ಖಂಡಿತ ಕೂರಲ್ಲ. ಹಾಗಾಗಿ ನಾಲ್ಕು ಅಕ್ಷರಗಳ ಜಾಗ ಸೇರಿಸಿ 16 ಗುಣಿಸು 16 ಮಾಡಿ. 256 ಜಾಗದಲ್ಲಿ ಅಂಥ 64 ಚಿತ್ರ ಮಾತ್ರ ಹಿಡಿಸುತ್ತೆ. ಇಡೀ ವರ್ಣಮಾಲೆ, ಕಾಗುಣಿತ, ಒತ್ತು ಎಲ್ಲ ಆಗಲ್ಲ. ನಿಮ್ಮ ವಾಕ್ಯಕ್ಕೆ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ತುಂಬಿಸಿ, ಬೈಟ್ ಲೆಕ್ಕ ಹಾಕಿ, ಸಿಯಲ್ಲಿ ಅರೇ ಮಾಡಿ ಆ ವಿಳಾಸಕ್ಕೆ ನಕಲಿಸಿ.

ಇಲ್ಲಿ ಒಂದು ಅಪಾಯ ಇದೆ. ನಿಮ್ಮ ಪ್ರೋಗ್ರಾಂ 2049ರಿಂದ ಮೇಲಕ್ಕೆ ಬೆಳೆಯುತ್ತೆ. ಅಲ್ಲಿಂದ 12288ರವರೆಗೆ ಇರುವುದು ಸುಮಾರು 10 ಕೆಬಿ. ಕೋಡ್, ವೇರಿಯಬಲ್‌ಗಳು, ಮ್ಯಾಲಾಕ್ ಕೇಳಿದ ಜಾಗ ಎಲ್ಲ ಸೇರಿ ಅದನ್ನು ದಾಟಿದರೆ ನಿಮ್ಮ ‘ಕ’ ಬರೆಯುವಾಗ ನಿಮ್ಮದೇ ಕೋಡ್ ಅಳಿಸಿಹೋಗುತ್ತೆ. ಸಿಎಲ್65ಗೆ ‘-ಎಂ’ ಕೊಟ್ಟು ಮ್ಯಾಪ್ ಫೈಲ್ ಪಡೆದು, ಯಾವ ಭಾಗ ಎಲ್ಲಿ ಮುಗಿಯುತ್ತೆ ಅಂತ ಪ್ರತಿ ಸಲ ನೋಡಿ. ಸಾಲದೆ ಬಂದರೆ ಅಕ್ಷರಗಳನ್ನು 14336ಕ್ಕೆ ಸರಿಸಿ, 12ರ ಬದಲು 14 ಕೂಡಿಸಿದರಾಯಿತು. ಇನ್ನೂ 2 ಕೆಬಿ ಸಿಗುತ್ತೆ.